ಟ್ರೇಲರ್ ಮೇಲಿನ ಸಣ್ಣ ದೋಣಿಗೆ ಬೇಸಿಗೆಯ ಜಾಗ ಆರಿಸುವುದು: ಮಂಗಳೂರು–ಉಡುಪಿ ಟಿಪ್ಪಣಿ

ಹದಿನಾಲ್ಕರಿಂದ ಹದಿನೆಂಟು ಅಡಿಯ ದೋಣಿ ಇಟ್ಟುಕೊಂಡು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕಾರಿನ ಹಿಂದೆ ಟ್ರೇಲರ್, ಅದರ ಮೇಲೆ ದೋಣಿ, ಒಂದು ಹಾಯಿ, ಹಿಂದೆ ಸಣ್ಣ ಔಟ್‌ಬೋರ್ಡ್ ಎಂಜಿನ್. ಮಾರ್ಚ್‌ನಿಂದ ಮೇ ಒಳಗೆ ಇದನ್ನು ಎಲ್ಲಿಗೆ ಒಯ್ಯಬಹುದು? ಮ್ಯಾಪ್‌ನಲ್ಲಿ ಚೆಂದ ಕಂಡ ಜಾಗಕ್ಕೆ ಬೆರಳಿಟ್ಟು ಹೊರಡುವವರೇ ಜಾಸ್ತಿ. ನನ್ನ ಲೆಕ್ಕ ಉಲ್ಟಾ. ಮೊದಲು ವಾಪಸ್ ಬರುವ ಗಂಟೆ ನೋಡಬೇಕು, ಆಮೇಲೆ ದೋಣಿ ಇಳಿಸುವ ಜಾಗ. ಊರಿನ ಹೆಸರು ಕೊನೆಗೆ.

ಗಾಳಿಯಿಂದ ಶುರು ಮಾಡೋಣ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಅಷ್ಟು ತಣಿಯುವುದಿಲ್ಲ. ಅದಕ್ಕೇ ಬೆಳಗಿನ ಜಾವ ಮೂಡು ದಿಕ್ಕಿನಿಂದ ಮೆಲ್ಲನೆ ಗಾಳಿ ಬೀಸುತ್ತದೆ. ಬಿಸಿಲು ಏರಿದ ಹಾಗೆ ಅದು ನಿಂತುಹೋಗುತ್ತದೆ. ಹಾಯಿ ಜೋತುಬಿದ್ದು, ಕೂತಲ್ಲೇ ಬೆವರು ಸುರಿಯುವ ಹೊತ್ತು ಅದು. ಮಧ್ಯಾಹ್ನ ಆಗುತ್ತಿದ್ದಂತೆ ವಾಯವ್ಯದ ಕಡಲಗಾಳಿ ಏಳುತ್ತದೆ, ಮೂರು-ನಾಲ್ಕು ಗಂಟೆಗೆ ಜೋರಾಗುತ್ತದೆ. ಏಪ್ರಿಲ್-ಮೇಯಲ್ಲಿ ಇದರ ಮೇಲೆ ಸಂಜೆಯ ಗುಡುಗು ಮಳೆ. ಅದು ಘಟ್ಟದ ಕಡೆಯಿಂದ, ಅಂದರೆ ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಕಡಲು ನೋಡುತ್ತಾ ಕೂತವರಿಗೆ ಮೋಡ ಕಾಣುವುದೇ ತಡವಾಗಿ. ಹಾಯಿ ಕಟ್ಟುವ ಅಲ್ಯೂಮಿನಿಯಂ ಕಂಬ ನಿಲ್ಲಿಸಿಕೊಂಡು ಬಯಲು ನೀರಿನಲ್ಲಿ ಸಿಡಿಲಿಗೆ ಸಿಗುವುದು ಯಾರಿಗೆ ಬೇಕು? ಹಾಗಾಗಿ ಮಧ್ಯಾಹ್ನ ಎರಡರೊಳಗೆ ದೋಣಿ ಮತ್ತೆ ಟ್ರೇಲರ್ ಮೇಲಿರಬೇಕು ಅಂತ ಇಟ್ಟುಕೊಳ್ಳಿ.

ಈಗ ದೂರದ ಲೆಕ್ಕ. ನೀರು ಸೀಳಿಕೊಂಡು ಹೋಗುವ ದೋಣಿಯ ಗರಿಷ್ಠ ವೇಗಕ್ಕೆ ಒಂದು ಸೂತ್ರ ಇದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್‌ನಲ್ಲಿ ಉತ್ತರ ಬರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ. 16 ಅಡಿಗೆ ವರ್ಗಮೂಲ 4, ಆದ್ದರಿಂದ 5.36 ನಾಟ್. ಅದು ಕಾಗದದ ಮೇಲಿನ ಅಂಕಿ. ಗಾಳಿ ಬಿದ್ದಾಗ, ಎದುರು ನೀರು ಬಂದಾಗ ಸರಾಸರಿ ಮೂರೂವರೆ ಸಿಕ್ಕರೆ ಪುಣ್ಯ. ಬೆಳಿಗ್ಗೆ ಏಳಕ್ಕೆ ಇಳಿಸಿ ಎರಡಕ್ಕೆ ಎತ್ತಬೇಕು ಅಂದರೆ ಏಳು ಗಂಟೆ. ಅದರಲ್ಲಿ ಕಂಬ ಏರಿಸುವುದು, ಇಳಿಸುವುದು, ಊಟ ಕಳೆಯಿರಿ. ಹೋಗಿ ಬರಲು ನಿಜವಾಗಿ ಉಳಿಯುವುದು ನಾಲ್ಕು ಗಂಟೆ, ಒಂದು ದಾರಿಗೆ ಎರಡು. ಏಳು ನಾಟಿಕಲ್ ಮೈಲಿಗಿಂತ ಆಚೆಗಿನ ಜಾಗ ಪಟ್ಟಿಯಲ್ಲೇ ಬೇಡ. ಮುರುಡೇಶ್ವರದ ಆಚೆಯ ನೇತ್ರಾಣಿ ಸುಮಾರು 19 ಕಿ.ಮೀ. ಕಡಲೊಳಗಿದೆ. ಯಾರಾದರೂ ಆಸೆ ಹುಟ್ಟಿಸಿದರೆ ಈ ಲೆಕ್ಕ ತೋರಿಸಿ. ಪೆಟ್ರೋಲ್‌ಗೂ ಹೀಗೇ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಮೂರನೆಯದು ಮುಟ್ಟದ ಪಾಲು.

ಇನ್ನು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ. ಜಾಸ್ತಿ ಹೊತ್ತು ಕೂತು ಓದಬೇಕಾದ ಪಾಠ ಇದೇ.

ನಮ್ಮಲ್ಲಿ ಉಬ್ಬರ-ಇಳಿತದ ಅಂತರ ದೊಡ್ಡದಲ್ಲ, ಅಮಾವಾಸ್ಯೆ-ಹುಣ್ಣಿಮೆಯಲ್ಲೂ ಸುಮಾರು ಒಂದೂವರೆ ಮೀಟರ್ ಆಸುಪಾಸು. ಆದರೆ ಅಗಲವಾದ ಹಿನ್ನೀರಿನಲ್ಲಿ ತುಂಬಿದ ನೀರೆಲ್ಲ ಕಿರಿದಾದ ಬಾಯಿಯಿಂದ ಹೊರಗೆ ಹೋಗಬೇಕಲ್ವಾ? ಇಳಿತದ ಸೆಳೆತ ಪಡುವಣಕ್ಕೆ, ಕಡಲಗಾಳಿ ಮತ್ತು ಅಲೆ ಮೂಡಣಕ್ಕೆ. ಎರಡೂ ಮುಖಾಮುಖಿ ಆದಾಗ ಅಲೆ ಗಿಡ್ಡವಾಗುತ್ತದೆ, ಕಡಿದಾಗುತ್ತದೆ, ನೀರೊಳಗಿನ ಹೊಯಿಗೆ (ಮರಳು) ದಿಬ್ಬದ ಮೇಲೆ ಬಂದು ಮುರಿಯುತ್ತದೆ. ಹೊರಗೆ ಕಡಲು ಸಮಾಧಾನವಾಗಿದ್ದು ಅಳಿವೆಯೊಳಗೆ ಮಾತ್ರ ಬಿಳಿ ನೊರೆಯ ಸಾಲು ಕಾಣುವುದು ಇದಕ್ಕೇ.

ಒಂದು ಉದಾಹರಣೆ. ಬೆಳಿಗ್ಗೆ ಹತ್ತಕ್ಕೆ ಉಬ್ಬರ ತುಂಬಿದೆ ಅಂದುಕೊಳ್ಳಿ. ಪೂರ್ತಿ ಇಳಿಯುವುದು ನಾಲ್ಕರ ಹೊತ್ತಿಗೆ. ನಡುವೆ, ಮಧ್ಯಾಹ್ನ ಒಂದರ ಹೊತ್ತಿಗೆ ಸೆಳೆತ ಜೋರು, ಆಗಲೇ ಕಡಲಗಾಳಿಯೂ ಏಳುತ್ತಿರುತ್ತದೆ. ನೀವು ಮರಳುವ ಹೊತ್ತಿಗೆ ಸರಿಯಾಗಿ ಅಳಿವೆ ಕೆಟ್ಟಿರುತ್ತದೆ. ಆ ದಿನ ನದಿಯೊಳಗೇ ಇರಿ. ಬೆಳಿಗ್ಗೆ ಎಂಟಕ್ಕೆ ಪೂರ್ತಿ ಇಳಿದು ಎರಡರವರೆಗೆ ಏರುವ ದಿನ ಬೇರೆ: ವಾಪಸ್ ಬರುವಾಗ ನೀರು, ಗಾಳಿ ಎರಡೂ ಒಳಕ್ಕೆ ತಳ್ಳುತ್ತವೆ, ದಿಬ್ಬದ ಮೇಲೆ ನೀರೂ ಜಾಸ್ತಿ. ಆದರೆ ಅಂಥ ದಿನ ಹೊರಗೆ ಹೋಗುವಾಗ ದಿಬ್ಬದ ಮೇಲೆ ನೀರು ಕಮ್ಮಿ, ಅದನ್ನು ಮರೆಯಬೇಡಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಒಂದು ಭಾನುವಾರ ಸರಿ ಇದ್ದ ಜಾಗ ಮುಂದಿನ ಭಾನುವಾರಕ್ಕೆ ಆಗುವುದಿಲ್ಲ.

ಗಾಳಿಯೇ ಇಲ್ಲದೆ ಅಲೆ ಬರುವುದೂ ಉಂಟು. ಏಪ್ರಿಲ್-ಮೇ ಹೊತ್ತಿಗೆ ದಕ್ಷಿಣ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉದ್ದನೆಯ ಅಲೆಗಳು ಇಲ್ಲಿಯವರೆಗೂ ಬಂದು ತಟ್ಟುತ್ತವೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ (INCOIS) ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ, ಹಿಂದಿನ ರಾತ್ರಿ ನೋಡಿಕೊಳ್ಳಿ. ಬೆಳಿಗ್ಗೆ ಧಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆ) ಬಲೆ ಸರಿಮಾಡುತ್ತಿರುವವರನ್ನೂ ಕೇಳಿ: ‘ಅಣ್ಣಾ, ಅಳಿವೆ ಎಂಚ ಉಂಡು?’ (ತುಳುವಿನಲ್ಲಿ ‘ಅಳಿವೆ ಹೇಗಿದೆ?’) ಅವರು ‘ಇತ್ತೆ ಪೋವೊಡ್ಚಿ’ (ಈಗ ಹೋಗಬೇಡಿ) ಅಂತ ಹೇಳಿದರೆ ಚರ್ಚೆ ಬೇಡ.

ಇಷ್ಟು ಸೋಸಿದ ಮೇಲೆ ಉಳಿಯುವ ಜಾಗಗಳು ಇವು.

ಕಲಿಯುವವರಿಗೆ ನನ್ನ ಮೊದಲ ಆಯ್ಕೆ ಕೋಡಿ ಬೆಂಗ್ರೆ–ಹಂಗಾರಕಟ್ಟೆ–ಕೆಮ್ಮಣ್ಣು ಹಿನ್ನೀರು. ಸ್ವರ್ಣಾ, ಸೀತಾ ಎರಡೂ ನದಿಗಳು ಇಲ್ಲಿ ಸೇರಿ ಕಡಲಿಗೆ ಹೋಗುತ್ತವೆ. ಮಧ್ಯೆ ಕುದುರುಗಳಿವೆ (ಹೊಳೆ ನಡುವಿನ ಸಣ್ಣ ದ್ವೀಪಗಳು), ಅವುಗಳ ಮರೆಯಲ್ಲಿ ಗಾಳಿ ಕಮ್ಮಿ. ಅಳಿವೆ ದಾಟದೆಯೇ ಒಂದು ದಿನ ಕಳೆಯಬಹುದು, ಹೆಚ್ಚಿನ ಕಡೆ ದಡ ಹತ್ತಿರ. ತೊಂದರೆ ಮೂರು. ಒಂದು, ಮೇಲಿನ ಅಡ್ಡಿ: ಸೇತುವೆ, ಕೆಮ್ಮಣ್ಣಿನ ತೂಗುಸೇತುವೆ, ಹೊಳೆ ದಾಟುವ ಕರೆಂಟ್ ತಂತಿ. ಕಂಬದ ಎತ್ತರ ಅಳೆದು ದೋಣಿಯಲ್ಲೇ ಬರೆದಿಡಿ, ಉಬ್ಬರದಲ್ಲಿ ಸೇತುವೆ ಕೆಳಗಿನ ಜಾಗ ಇನ್ನೂ ಕಿರಿದಾಗುತ್ತದೆ. ಎರಡು, ಮೀನು ಸಾಕುವ ಪಂಜರ ಮತ್ತು ಬಲೆ. ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಅದು ಕಸ ಅಂದುಕೊಳ್ಳಬೇಡಿ, ಕೆಳಗೆ ಬಲೆ ಇರುತ್ತದೆ. ಮೂರು, ಹೊಯಿಗೆ ತೆಗೆದ ಗುಂಡಿ. ಸೊಂಟದ ನೀರು ಅಂತ ಇಳಿದರೆ ಮುಂದಿನ ಹೆಜ್ಜೆಗೆ ತಳ ಸಿಗದೆ ಹೋಗಬಹುದು. ಲೈಫ್ ಜಾಕೆಟ್ ಬಿಚ್ಚುವುದು ಟ್ರೇಲರ್ ಹತ್ತಿರ ಬಂದ ಮೇಲೆ.

ಗಂಗೊಳ್ಳಿಯ ಪಂಚಗಂಗಾವಳಿ ಇನ್ನೂ ವಿಶಾಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಕೂಡುವ ಜಾಗ. ಕೈ ಪಳಗಿದ ಮೇಲೆ ಹೋಗಿ, ಮಧ್ಯಾಹ್ನದ ಗಾಳಿಗೆ ಅಲ್ಲಿ ಒಳಗೂ ಅಲೆ ಏಳುತ್ತದೆ. ಮಂಗಳೂರಲ್ಲಿ ಸುಲ್ತಾನ್ ಬತ್ತೇರಿ ಹತ್ತಿರ ಫಲ್ಗುಣಿಯಲ್ಲಿ ಓಡಾಟ ಚೆನ್ನ, ಆದರೆ ಹಳೆ ಬಂದರಿನ ಕಡೆ ಟ್ರಾಲ್ ಬೋಟುಗಳ ಸಾಲು ನಿಲ್ಲುವುದೇ ಇಲ್ಲ. ನೇತ್ರಾವತಿಯಲ್ಲಿ ಪಾವೂರು ಉಳಿಯದವರೆಗೆ ಸಾಕು, ಇನ್ನೂ ಮೇಲೆ ಹೋದರೆ ತುಂಬೆ ಅಣೆಕಟ್ಟು ಅಡ್ಡ. ಸಸಿಹಿತ್ಲುವಿನಲ್ಲಿ ಶಾಂಭವಿ-ನಂದಿನಿ ಕೂಡುವ ಜಾಗ ಅರ್ಧ ದಿನಕ್ಕೆ ಸರಿ.

ಸೇಂಟ್ ಮೇರಿಸ್ ದ್ವೀಪ ಎಲ್ಲರ ಆಸೆ. ಮಲ್ಪೆಯಿಂದ ಸುಮಾರು 6 ಕಿ.ಮೀ., ಅಂದರೆ ಮೂರು ನಾಟಿಕಲ್ ಮೈಲಿಗಿಂತ ಸ್ವಲ್ಪ ಜಾಸ್ತಿ. ದೂರದ ಲೆಕ್ಕದಲ್ಲಿ ಪಾಸು. ಬಂದರಿನಿಂದ ಅದು ಬಡಗು-ಪಡುವಣಕ್ಕಿದೆ, ಹಾಗಾಗಿ ಬೆಳಗಿನ ಮೂಡುಗಾಳಿಯಲ್ಲಿ ಹೋಗಿ ವಾಯವ್ಯ ಗಾಳಿ ಬೆನ್ನಿಗೆ ಬಿದ್ದಾಗ ಬರಬಹುದು. ಕಷ್ಟ ಇರುವುದು ದಡ ಮುಟ್ಟುವಲ್ಲಿ. ಅಲ್ಲಿನ ಬಂಡೆಗಳು ಕೋಟ್ಯಂತರ ವರ್ಷಗಳ ಹಿಂದಿನ ಲಾವಾ ತಣಿದು ಕಂಬಗಳಾಗಿ ಸೀಳಿದವು. ನೋಡಲು ಅದ್ಭುತ, ಫೈಬರ್ ತಳಕ್ಕೆ ಗರಗಸ. ಲಂಗರು ಬಂಡೆ ಸಂದಿಗೆ ಸಿಕ್ಕರೆ ಹಗ್ಗ ಕತ್ತರಿಸಿಯೇ ಬರಬೇಕಾದೀತು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಇಳಿಯುವ ನಿಯಮಗಳನ್ನು ಮೊದಲೇ ಮಲ್ಪೆಯಲ್ಲಿ ಕೇಳಿಕೊಳ್ಳಿ. ಮಾರ್ಚ್‌ನಲ್ಲಿ, ಅನುಭವಸ್ಥರ ಇನ್ನೊಂದು ದೋಣಿ ಜೊತೆಗಿದ್ದರೆ ಮಾತ್ರ ನಾನು ಹೂಂ ಅನ್ನುತ್ತೇನೆ. ಮೇ ಮಧ್ಯದ ನಂತರ ಖಂಡಿತ ಬೇಡ. 2021ರಲ್ಲಿ ತೌಕ್ತೆ ಚಂಡಮಾರುತ ಬಂದದ್ದು ಆ ಹೊತ್ತಿಗೇ. ಕಾಪು ಹತ್ತಿರ ಬಂಡೆಗೆ ಸಿಕ್ಕಿದ ಟಗ್‌ನವರನ್ನು (ಹಡಗು ಎಳೆಯುವ ಬೋಟಿನವರನ್ನು) ಉಳಿಸಲು ಹೆಲಿಕಾಪ್ಟರ್ ತರಿಸಬೇಕಾಯಿತು.

ಉಪ್ಪುನೀರೇ ಬೇಡ ಅನ್ನುವವರು ಶರಾವತಿ ಹಿನ್ನೀರಿನ ಹೆಸರು ಹೇಳುತ್ತಾರೆ. ಬೇಸಿಗೆಯ ಕೊನೆಗೆ ಲಿಂಗನಮಕ್ಕಿಯಲ್ಲಿ ನೀರು ಇಳಿದು ಮುಳುಗಿದ್ದ ಮರದ ಬೊಡ್ಡೆಗಳು ಮೇಲೆ ಬರುತ್ತವೆ. ಪೂರ್ತಿ ಮೇಲೆ ಬಂದರೆ ಸರಿ, ಅರ್ಧ ಅಡಿ ಕೆಳಗಿದ್ದರೆ ಪ್ರೊಪೆಲ್ಲರ್ ಹೋಯಿತು. ಟ್ರೇಲರ್ ಹಿಂದಿಟ್ಟುಕೊಂಡು ಘಟ್ಟ ಹತ್ತುವುದೂ ಸುಮ್ನೆ ಅಲ್ಲ. ಆಗುಂಬೆ ತಿರುವುಗಳಂತೂ ಬೇಡವೇ ಬೇಡ.

ಇಳಿಸುವ ಜಾಗದ ವಿಷಯ. ಒಂದು ಗಂಟೆ ಹೆದ್ದಾರಿಯಲ್ಲಿ ಓಡಿದ ಟ್ರೇಲರ್ ಚಕ್ರದ ನಡುವಿನ ಹಬ್ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಹಾಗೇ ನೀರಿಗಿಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ಸೀಲ್ ಸಂದಿಯಿಂದ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಬೇರಿಂಗ್ ತುಕ್ಕು ಹಿಡಿಯುವುದು ಹೀಗೆ. ಮೊದಲು ಹಬ್ ತಣಿಯಲಿ, ಅಷ್ಟರಲ್ಲಿ ಕಂಬ ಕಟ್ಟಿಕೊಳ್ಳಿ. ದೋಣಿಯನ್ನು ನೀರಿಗೆ ಇಳಿಸುವ ಜಾರುದಾರಿಯ ಕೊನೆಯಲ್ಲಿ ಇಳಿತದ ಹೊತ್ತಿಗೆ ಕೆಸರು ಬರುತ್ತದೋ, ಗಟ್ಟಿ ಹೊಯಿಗೆಯೋ, ನಡೆದು ನೋಡಿ. ಎರಡು ಗಂಟೆಗೆ ದೋಣಿ ಎತ್ತುವಾಗ ಕಾರು ಹೂತುಹೋದರೆ ಇಡೀ ಲೆಕ್ಕ ಕೆಟ್ಟಂತೆ.

ಎಂಜಿನ್ ಇರುವ ದೋಣಿಗೆ ನೋಂದಣಿ ಬೇಕು, ಒಳನಾಡಿನ ನೀರಿಗೆ 2021ರ ಒಳನಾಡು ಹಡಗು ಕಾಯ್ದೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೇ ನಿಲ್ಲುತ್ತದೆ. ಆ ಬೋಟುಗಳು ದಡದಲ್ಲಿರುವಾಗ ನಮ್ಮದು ಹೊರಗೆ ಹೋಗುವ ಮಾತೇ ಇಲ್ಲ. ಹೊರಡುವ ಮುಂಚೆ ಮನೆಯವರಿಗೆ ಮೂರು ವಿಷಯ ಬರೆದು ಕೊಡಿ: ಎಲ್ಲಿ ಇಳಿಸುತ್ತೀರಿ, ಎಷ್ಟು ಹೊತ್ತಿಗೆ ಎತ್ತುತ್ತೀರಿ, ಆ ಹೊತ್ತು ಮೀರಿ ಒಂದು ಗಂಟೆಯಾದರೂ ಫೋನ್ ಬರದಿದ್ದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಬೇಕು ಅಂತ.