ಗುರುಗಳು ಬಾರದ ಭಾನುವಾರದ ಪ್ರಾರ್ಥನೆಯಲ್ಲಿ ಕ್ರಿಸ್ತರು ಇರುತ್ತಾರೆಯೇ?

ಪ್ರಶ್ನೆ: ನಮ್ಮದು ಹೊಸನಗರದ ಕಡೆಯ ಹಳ್ಳಿ. ಇಲ್ಲಿಯ ಪುಟ್ಟ ದೇವಾಲಯಕ್ಕೆ ಪ್ರತಿ ಭಾನುವಾರ ಗುರುಗಳು ಬರಲಾಗುವುದಿಲ್ಲ. ಮಳೆಗಾಲದಲ್ಲಂತೂ ಇನ್ನೂ ಕಷ್ಟ. ಅಂತಹ ದಿನ ನಾವೇ ಸೇರಿ ಶುಭಸಂದೇಶ ಓದಿ, ಹಾಡಿ, ಪ್ರಾರ್ಥಿಸಿ ಮನೆಗೆ ಹೋಗುತ್ತೇವೆ. ಅಲ್ಲಿಯೂ ಕ್ರಿಸ್ತರು ಇರುತ್ತಾರೆ ಎನ್ನುವುದಾದರೆ, ಗುರುಗಳು ರೊಟ್ಟಿ ದ್ರಾಕ್ಷಾರಸಗಳನ್ನು ಅರ್ಪಿಸುವ ಬಲಿಪೂಜೆಯಲ್ಲಿ ಹೆಚ್ಚಿನದೇನಿದೆ? ಇರುವುದಿಲ್ಲ ಎನ್ನುವುದಾದರೆ ನಾವು ಸೇರಿ ಏನು ಪ್ರಯೋಜನ?

ಉತ್ತರ: ಮಲೆನಾಡಿನ ಧರ್ಮಕೇಂದ್ರಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಏಳುತ್ತದೆ. ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟು ರೂಪುಗೊಂಡಾಗ ಅದರ ಪಾಲಿಗೆ ಬಂದದ್ದು ಬಯಲುಸೀಮೆಯನ್ನೂ ಘಟ್ಟದ ಅಂಚನ್ನೂ ಒಳಗೊಂಡ ವಿಶಾಲವಾದ ನಾಡು. ಅಡಿಕೆ ತೋಟಗಳ ನಡುವೆ ಹತ್ತಿಪ್ಪತ್ತು ಮನೆಗಳಿಗೊಂದು ದೇವಾಲಯವಿದ್ದರೂ, ಅಷ್ಟಕ್ಕೂ ಒಬ್ಬೊಬ್ಬ ಗುರುಗಳು ಎಲ್ಲಿಂದ ಬರಬೇಕು?

ನೇರವಾಗಿ ಹೇಳುವುದಾದರೆ, ನಿಮ್ಮ ಆ ಪ್ರಾರ್ಥನೆಯಲ್ಲಿ ಕ್ರಿಸ್ತರು ಇರುತ್ತಾರೆ, ನಿಜವಾಗಿಯೇ ಇರುತ್ತಾರೆ. ಇಬ್ಬರು ಮೂವರು ತಮ್ಮ ಹೆಸರಿನಲ್ಲಿ ಸೇರಿದಲ್ಲಿ ತಾವಿರುವುದಾಗಿ ಅವರೇ ಕೊಟ್ಟ ಮಾತು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ, ಆರಾಧನಾ ವಿಧಿಯನ್ನು ಕುರಿತ ಸಂವಿಧಾನದ 7ನೇ ಪರಿಚ್ಛೇದವು ಧರ್ಮಸಭೆಯ ಆರಾಧನೆಯಲ್ಲಿ ಕ್ರಿಸ್ತರು ಎಲ್ಲೆಲ್ಲಿ ಇದ್ದಾರೆ ಎಂಬುದನ್ನು ಒಂದೊಂದಾಗಿ ಹೇಳುತ್ತದೆ: ಬಲಿಪೂಜೆಯಲ್ಲಿ, ಅದನ್ನು ಅರ್ಪಿಸುವ ಗುರುವಿನಲ್ಲಿ, ಎಲ್ಲಕ್ಕಿಂತ ವಿಶೇಷವಾಗಿ ಪರಮಪ್ರಸಾದದಲ್ಲಿ (ಪವಿತ್ರೀಕರಿಸಿದ ರೊಟ್ಟಿ ದ್ರಾಕ್ಷಾರಸಗಳಲ್ಲಿ), ತಮ್ಮ ಶಕ್ತಿಯ ಮೂಲಕ ಸಂಸ್ಕಾರಗಳಲ್ಲಿ, ಪವಿತ್ರ ಗ್ರಂಥ ಓದುವಾಗ ಆ ವಾಕ್ಯದಲ್ಲಿ, ಕೊನೆಗೆ ಸೇರಿ ಪ್ರಾರ್ಥಿಸಿ ಹಾಡುವ ಸಮುದಾಯದಲ್ಲಿ. ನಿಮ್ಮ ಹಳ್ಳಿಯ ಭಾನುವಾರಕ್ಕೆ ಈ ಪಟ್ಟಿಯ ಕೊನೆಯ ಎರಡಂತೂ ಪೂರ್ಣವಾಗಿ ಸಲ್ಲುತ್ತವೆ. ಅಲ್ಲಿ ಶುಭಸಂದೇಶ ಓದುವವರು ಹೈಸ್ಕೂಲು ಹುಡುಗಿಯೇ ಆಗಿರಲಿ, ಓದು ನಡುವೆ ತಡವರಿಸಲಿ, ತನ್ನ ಜನರೊಡನೆ ಮಾತನಾಡುವವರು ಕ್ರಿಸ್ತರೇ ಎಂಬುದು ಧರ್ಮಸಭೆಯ ಬೋಧನೆ. ಓದುವ ಸರದಿ ಯಾರದೆಂದು ದೇವಾಲಯದ ಬಾಗಿಲಲ್ಲಿ ನಿಂತು ನಿರ್ಧರಿಸುವ ಪದ್ಧತಿ ನಮ್ಮಲ್ಲಿ ಅಲ್ಲಲ್ಲಿ ಉಳಿದಿದೆ. ಈ ಬೋಧನೆಯನ್ನು ಗಂಭೀರವಾಗಿ ತೆಗೆದುಕೊಂಡವರು ಹಾಗೆ ಮಾಡಲಾರರು.

ಇಲ್ಲಿಂದ ಮುಂದೆ ಪ್ರಶ್ನೆ ಕಠಿಣವಾಗುತ್ತದೆ. ಪರಮಪ್ರಸಾದದಲ್ಲಿರುವುದನ್ನು ನಿಜ ಸಾನ್ನಿಧ್ಯ ಎಂದು ಕರೆಯುತ್ತೇವಲ್ಲ, ಹಾಗಾದರೆ ಉಳಿದವೆಲ್ಲ ಬರಿಯ ಮಾತಿನ ಸಾನ್ನಿಧ್ಯವೇ? ಅಲ್ಲ ಎಂದು ಆರನೇ ಪೌಲ್ ಜಗದ್ಗುರುಗಳು 1965ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದರು. ಅವರ ವಿವರಣೆಯ ತಿರುಳು ಇದು: ಉಳಿದ ಸಾನ್ನಿಧ್ಯಗಳು ನಿಜವಲ್ಲವೆಂಬ ಕಾರಣಕ್ಕೆ ಇದನ್ನು ನಿಜವೆಂದು ಕರೆಯುವುದಲ್ಲ; ದೇವರೂ ಮನುಷ್ಯರೂ ಆದ ಕ್ರಿಸ್ತರು ಇಲ್ಲಿ ತಮ್ಮ ಸತ್ವದಲ್ಲಿಯೇ, ಇಡಿಯಾಗಿ ಇರುವುದರಿಂದ ಆ ಹೆಸರು ಇದಕ್ಕೆ ಅತ್ಯಂತ ತುಂಬಿದ ಅರ್ಥದಲ್ಲಿ ಸಲ್ಲುತ್ತದೆ. ಹಾಗಾಗಿ ವ್ಯತ್ಯಾಸವಿರುವುದು ನಿಜ ಸುಳ್ಳುಗಳ ನಡುವೆ ಅಲ್ಲ, ಕ್ರಿಸ್ತರು ಇರುವ ಬಗೆಯಲ್ಲಿ. ಆ ಬಗೆ ಯಾವುದೆಂದು ತಿಳಿಯಲು ಬೇರೊಂದು ಸಂಸ್ಕಾರವನ್ನು ಪಕ್ಕದಲ್ಲಿಟ್ಟು ನೋಡುವುದೇ ಸುಲಭವಾದ ದಾರಿ.

ದೀಕ್ಷಾಸ್ನಾನವನ್ನೇ ತೆಗೆದುಕೊಳ್ಳೋಣ. ಆಫ್ರಿಕಾದ ಹಿಪ್ಪೊ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರ ಕಾಲದಲ್ಲಿ, ಕೆಟ್ಟ ಗುರು ಕೊಟ್ಟ ದೀಕ್ಷೆ ದೀಕ್ಷೆಯೇ ಅಲ್ಲವೆಂದು ವಾದಿಸುವ ಡೊನಾಟಿಸ್ಟ್ ಪಂಥ ಬಲವಾಗಿತ್ತು. ಪೇತ್ರ ದೀಕ್ಷೆ ಕೊಟ್ಟರೂ ಕೊಡುವವರು ಕ್ರಿಸ್ತರೇ, ಕ್ರಿಸ್ತರಿಗೆ ದ್ರೋಹ ಬಗೆದ ಯೂದ ಕೊಟ್ಟರೂ ಕ್ರಿಸ್ತರೇ ಎಂದು ಅಗಸ್ಟೀನರು ಉತ್ತರಿಸಿದರು. ಮಹಾಸಭೆ ತನ್ನ 7ನೇ ಪರಿಚ್ಛೇದದಲ್ಲಿ ನೆನೆಯುವುದು ಇದೇ ಮಾತನ್ನು. ಗುರುಗಳ ಸಿಡುಕು, ರಾಗವಿಲ್ಲದ ಗಂಟಲು, ನೀರಸ ಪ್ರಸಂಗ ಇವೆಲ್ಲ ನಮ್ಮ ತಾಳ್ಮೆಯನ್ನು ಪರೀಕ್ಷಿಸಬಹುದು, ಆದರೆ ಸಂಸ್ಕಾರವನ್ನು ಕುಗ್ಗಿಸಲಾರವು. ಪ್ರಾಣ ಹೋಗುವಂಥ ಸಂದರ್ಭದಲ್ಲಿ, ನಡುರಾತ್ರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ಕ್ರೈಸ್ತಳೇ ಅಲ್ಲದ ದಾದಿಯೊಬ್ಬಳು ಧರ್ಮಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು, ಶಿಶುವಿನ ತಲೆಯ ಮೇಲೆ ನೀರು ಸುರಿದು ತ್ರಿತ್ವದ ಹೆಸರು ಹೇಳಿದರೂ ಆ ದೀಕ್ಷೆ ಸಿಂಧುವಾಗುತ್ತದೆ, ಕೊಟ್ಟವರು ಕ್ರಿಸ್ತರು. ಆದರೆ ಗಮನಿಸಿ, ಬೋಗುಣಿಯಲ್ಲಿ ಉಳಿದ ನೀರು ನೀರೇ. ಅದಕ್ಕೆ ಯಾರೂ ಮಂಡಿಯೂರುವುದಿಲ್ಲ. ದೃಢೀಕರಣದ ತೈಲವೂ, ರೋಗಿಗಳಿಗೆ ಹಚ್ಚುವ ಎಣ್ಣೆಯೂ ಹಾಗೆಯೇ: ಅವು ಪವಿತ್ರ, ಗೌರವಕ್ಕೆ ಅರ್ಹ, ಆದರೂ ಎಣ್ಣೆಯೇ. ಅಲ್ಲಿ ಕ್ರಿಸ್ತರು ಕೆಲಸ ಮಾಡುತ್ತಾರೆ, ಆ ಕೆಲಸ ನಡೆಯುವುದು ಸಂಸ್ಕಾರವನ್ನು ಕೊಡುವ ಹೊತ್ತಿನಲ್ಲಿ.

ಪರಮಪ್ರಸಾದದಲ್ಲಿ ಹಾಗಲ್ಲ. ಉಳಿದ ಸಂಸ್ಕಾರಗಳಲ್ಲಿ ಕ್ರಿಸ್ತರ ಶಕ್ತಿಯಿದೆ, ಇದರಲ್ಲಿ ಸ್ವತಃ ಕ್ರಿಸ್ತರಿದ್ದಾರೆ ಎಂದು 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ಭೇದವನ್ನು ಗುರುತಿಸಿದರು. ಉಳಿದವು ಕೊಡುವಾಗ ಪೂರ್ಣಗೊಳ್ಳುತ್ತವೆ, ಇದು ಪವಿತ್ರೀಕರಣದಲ್ಲಿಯೇ ಪೂರ್ಣಗೊಳ್ಳುತ್ತದೆ ಎಂದೂ ಹೇಳಿದರು. ಗುರುಗಳು ರೊಟ್ಟಿಯನ್ನು ಎತ್ತಿ ‘ಇದು ನನ್ನ ಶರೀರ’ ಎಂದಾಗ ಬಣ್ಣ, ರುಚಿ, ತೂಕ, ಗೋಧಿಯ ವಾಸನೆ ಯಾವುದೂ ಬದಲಾಗುವುದಿಲ್ಲ, ಪ್ರಯೋಗಾಲಯಕ್ಕೆ ಒಯ್ದರೆ ಸಿಗುವುದು ಗೋಧಿಯ ಗುಣಗಳೇ; ಆದರೆ ಅದು ಏನಾಗಿತ್ತೋ ಆ ಸತ್ವ ಉಳಿದಿಲ್ಲ, ಕ್ರಿಸ್ತರ ಶರೀರದ ಸತ್ವವಾಗಿದೆ. ಈ ಬದಲಾವಣೆಗೆ ಸೂಕ್ತವಾದ ‘ಸತ್ವಾಂತರ’ (ಟ್ರಾನ್ಸ್‌ಸಬ್‌ಸ್ಟ್ಯಾನ್ಷಿಯೇಷನ್) ಎಂಬ ಹೆಸರನ್ನು 1215ರ ಲ್ಯಾಟರನ್ ಮಹಾಸಭೆ ಬಳಸಿತ್ತು, 1551ರ ಅಕ್ಟೋಬರ್‌ನಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಖಚಿತಪಡಿಸಿತು. ಕ್ರಿಸ್ತರು ಸ್ವರ್ಗವನ್ನು ಬಿಟ್ಟು ಇಳಿದು ಬರುತ್ತಾರೆಂದಾಗಲಿ, ಮುರಿದ ತುಂಡುಗಳಲ್ಲಿ ಹಂಚಿಹೋಗುತ್ತಾರೆಂದಾಗಲಿ ಇದರ ಅರ್ಥವಲ್ಲ. ಮುರಿಯುವುದು ತೋರಿಕೆ ಮಾತ್ರ. ಪ್ರತಿ ತುಂಡಿನಲ್ಲಿಯೂ ಅವರು ಇಡಿಯಾಗಿದ್ದಾರೆ.

ಪ್ರಸಾದ ಹಂಚಿ ಮುಗಿದ ಮೇಲೆ ಪೀಠದ ಬಳಿ ನಡೆಯುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಗುರುಗಳು ತಟ್ಟೆಯ ಮೇಲಿನ ಕಣಗಳನ್ನು ಬಲಿಪಾತ್ರೆಗೆ ಒರೆಸಿ, ನೀರು ಹಾಕಿ ತೊಳೆದು, ಆ ನೀರನ್ನು ತಾವೇ ಕುಡಿಯುತ್ತಾರೆ. ಜನ ಆಗ ಚಪ್ಪಲಿ, ಛತ್ರಿಗಳ ಯೋಚನೆಯಲ್ಲಿರುತ್ತಾರೆ. ಆದರೆ ದೀರ್ಘ ಪ್ರಸಂಗಕ್ಕಿಂತ ಆ ಒಂದು ನಿಮಿಷದಲ್ಲಿ ಕಥೊಲಿಕ ನಂಬಿಕೆ ಹೆಚ್ಚು ಚೊಕ್ಕವಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಉಳಿದ ಓಸ್ತಿಗಳು, ಅಂದರೆ ಪವಿತ್ರೀಕರಿಸಿದ ತೆಳು ರೊಟ್ಟಿಗಳು, ಅವನ್ನು ಕಾಪಿಡುವ ಬೀಗ ಹಾಕಿದ ಸಂಪುಟವನ್ನು ಸೇರುತ್ತವೆ, ಅದರ ಮುಂದೆ ಸದಾ ಒಂದು ದೀಪ ಉರಿಯಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಹಾಡು ನಿಂತ ಮೇಲೆ, ಜನರೆಲ್ಲ ಹೊರಟ ಮೇಲೆ, ಬುಧವಾರದ ಮಧ್ಯಾಹ್ನ ದೇವಾಲಯ ಖಾಲಿ ಇರುವಾಗಲೂ ಅಲ್ಲಿ ಕ್ರಿಸ್ತರಿದ್ದಾರೆ. ನಿಮ್ಮ ಪ್ರಾರ್ಥನಾಕೂಟದ ಸಾನ್ನಿಧ್ಯ ಕೂಟದೊಡನೆ ಬೆಸೆದದ್ದು, ಇದು ಯಾರು ಇರಲಿ ಬಿಡಲಿ ಉಳಿಯುವಂಥದ್ದು. ನೀವು ಕೇಳಿದ ಹೆಚ್ಚಿನದು ಮೊದಲಿಗೆ ಇದೇ.

ಆ ಉಳಿಯುವಿಕೆಗೂ ಒಂದು ಮಿತಿಯಿದೆ, ಮಲೆನಾಡಿನವರಿಗೆ ಅದು ಬೇಗ ಅರ್ಥವಾಗುತ್ತದೆ. ರೊಟ್ಟಿಯ ತೋರಿಕೆ ಇರುವವರೆಗೆ ಸಾನ್ನಿಧ್ಯ. ಅದು ಕರಗಿದರೆ, ಕೊಳೆತರೆ ಅಲ್ಲಿಗೆ ಮುಗಿಯಿತು. ಆಷಾಢದ ಥಂಡಿಗೆ ಹಪ್ಪಳವೇ ಮೆತ್ತಗಾಗುವ ಊರಿನಲ್ಲಿ ತೆಳ್ಳಗಿನ ಓಸ್ತಿ ಗರಿಗರಿಯಾಗಿ ಉಳಿದೀತೇ? ಸಂಪುಟದಲ್ಲಿರುವ ಓಸ್ತಿಗಳನ್ನು ಆಗಾಗ ಬದಲಿಸಬೇಕೆಂಬ ನಿಯಮ ಎಲ್ಲ ದೇಶಗಳಿಗೂ ಇದೆ, ನಮ್ಮಲ್ಲಿ ಮಾತ್ರ ಅದು ಜೂನ್ ಬಂದ ಕೂಡಲೇ ನೆನಪಾಗುತ್ತದೆ. ಬೂಸ್ಟು ಹಿಡಿದದ್ದನ್ನು ಕಸಕ್ಕೆ ಹಾಕುವಂತಿಲ್ಲ. ಪೂರ್ತಿ ಕರಗುವವರೆಗೆ ನೀರಿನಲ್ಲಿಟ್ಟು, ಆ ನೀರು ಚರಂಡಿ ಸೇರದೆ ನೇರವಾಗಿ ಮಣ್ಣಿಗಿಳಿಯುವಂತೆ ಸುರಿಯುತ್ತಾರೆ.

ಎರಡನೆಯದು, ಬಲಿಪೂಜೆ ಎಂದರೆ ಸಾನ್ನಿಧ್ಯವಷ್ಟೇ ಅಲ್ಲ, ಬಲಿ. ಶಿಲುಬೆಯ ಮೇಲಿನ ಒಂದೇ ಅರ್ಪಣೆ ಅಲ್ಲಿ ರಕ್ತರಹಿತವಾಗಿ ನಮ್ಮ ಮುಂದಿರುತ್ತದೆ. ಗುರುವಿಲ್ಲದೆ ಅದು ನಡೆಯುವುದಿಲ್ಲ. ಆದ್ದರಿಂದ ಸೇವಾಕರ್ತರೊಬ್ಬರು ಧರ್ಮಕೇಂದ್ರದಿಂದ ಪರಮಪ್ರಸಾದವನ್ನು ತಂದು ನಿಮ್ಮ ಕೂಟದಲ್ಲಿ ಹಂಚಿದರೆ, ನಿಮಗೆ ಸಿಗುವವರು ಅದೇ ಕ್ರಿಸ್ತರಾದರೂ, ಅಂದು ನಡೆದದ್ದು ಬಲಿಪೂಜೆಯಲ್ಲ. ಗುರುವಿಲ್ಲದ ಭಾನುವಾರಗಳ ಆರಾಧನೆಗಾಗಿ ರೋಮ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಈ ಎರಡನ್ನು ಬೆರೆಸಬಾರದೆಂದು ಎಚ್ಚರಿಸುತ್ತದೆ. ಟಿವಿಯಲ್ಲಿ ಪೂಜೆ ನೋಡುವುದು ಹಾಸಿಗೆ ಹಿಡಿದವರಿಗೆ ದೊಡ್ಡ ಆಸರೆ, ಆದರೆ ಕಾಲು ಗಟ್ಟಿಯಿದ್ದು ರಸ್ತೆ ತೆರೆದಿರುವವರಿಗೆ ಅದು ಬದಲಿಯಾಗದು. ಭದ್ರಾವತಿಯ ಸೈರೋ ಮಲಬಾರ್ (ಕೇರಳ ಮೂಲದ ಕಥೊಲಿಕ ಪರಂಪರೆ) ಧರ್ಮಪ್ರಾಂತ್ಯದ ನೆರೆಯವರ ಆರಾಧನೆಯ ಕ್ರಮ ಬೇರೆಯಾಗಿದ್ದರೂ ಈ ವಿಷಯದಲ್ಲಿ ನಂಬಿಕೆ ಒಂದೇ.

ಇನ್ನು ನೀವು ಸೇರುವುದರ ಪ್ರಯೋಜನ. ಗುರುಗಳ ಕೊರತೆಯಿಂದಲೋ ಗಂಭೀರವಾದ ಬೇರೆ ಕಾರಣದಿಂದಲೋ ಭಾನುವಾರದ ಬಲಿಪೂಜೆ ಅಸಾಧ್ಯವಾದಾಗ, ದೇವಾಲಯದಲ್ಲಿ ವಾಕ್ಯದ ಆರಾಧನೆಯಿದ್ದರೆ ಅದರಲ್ಲಿ ಭಾಗವಹಿಸುವಂತೆ, ಇಲ್ಲವಾದರೆ ಮನೆಮಂದಿ ಅಥವಾ ಕೆಲವು ಮನೆಗಳವರು ಕೂಡಿ ಪ್ರಾರ್ಥಿಸುವಂತೆ 1983ರ ಧರ್ಮಸಭೆಯ ಕಾನೂನಿನ 1248ನೇ ವಿಧಿ ಬಲವಾಗಿ ಶಿಫಾರಸು ಮಾಡುತ್ತದೆ. ನೀವು ಮಾಡುತ್ತಿರುವುದು ಅದನ್ನೇ, ನಿಲ್ಲಿಸಬೇಡಿ. ಗುರುಗಳು ಬಂದ ಭಾನುವಾರ ಹಳ್ಳಿಯ ರೋಗಿಗಳ ಮನೆಗಳನ್ನು ಮುಂಚಿತವಾಗಿ ಅವರಿಗೆ ತಿಳಿಸಿರಿ. ಹಿರಿಯರೊಬ್ಬರಿಗೆ ಗಟ್ಟಿಯಾದದ್ದು ಗಂಟಲಿಗೆ ಇಳಿಯುವುದಿಲ್ಲವೆಂದಾದರೆ ಅದನ್ನೂ ಹೇಳಿರಿ. ಅಂಥವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಕೊಡಲು ಅದೇ ಕಾನೂನು 925ನೇ ವಿಧಿಯಲ್ಲಿ ಅವಕಾಶವಿತ್ತಿದೆ, ಮತ್ತು ಚಮಚದ ಆ ನಾಲ್ಕು ಹನಿಗಳಲ್ಲಿ ಅವರು ಪಡೆಯುವುದು ಪೀಠದ ಮುಂದೆ ನಿಂತವರು ಪಡೆದದ್ದಕ್ಕಿಂತ ಏನೂ ಕಡಿಮೆಯಲ್ಲ.