ಸ್ಕ್ಯಾನ್‌ಗೆ ಮೊದಲು ಹೆಬ್ಬೆರಳು

ಕಾಲು ಬಿಗಿಯಾಗ್ತಿದೆ, ನಡೆದರೆ ತೂರಾಡಿದ ಹಾಗಾಗುತ್ತೆ ಎಂದು ಒಬ್ಬರು ಆಸ್ಪತ್ರೆಗೆ ಬರುತ್ತಾರೆ. ಸೊಂಟದ ಎಂಆರ್‌ಐ ಆಗುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸ್ವಲ್ಪ ಉಬ್ಬಿರುವುದು ಕಾಣುತ್ತದೆ. ವಯಸ್ಸಾದಂತೆ ನೋವೇ ಇಲ್ಲದವರಲ್ಲೂ ಇದು ಕಾಣುವಂಥದ್ದೇ. ಮಾತ್ರೆ, ಬೆಲ್ಟ್ ಎಲ್ಲ ಮುಗಿದರೂ ಕಾಲು ಮಾತ್ರ ಸರಿಹೋಗುವುದಿಲ್ಲ. ತಿಂಗಳುಗಳ ನಂತರ ಯಾರೋ ಅಂಗಾಲು ಗೀರಿ ನೋಡುತ್ತಾರೆ. ಹೆಬ್ಬೆರಳು ಮೇಲಕ್ಕೆ ಏಳುತ್ತದೆ. ತೊಂದರೆ ಇದ್ದದ್ದು ಕತ್ತಿನಲ್ಲಿ.

ನರರೋಗ ತಜ್ಞರಿಗೆ ಇಂಥ ಕಥೆ ಹೊಸದಲ್ಲ. ಇಷ್ಟೆಲ್ಲ ಯಂತ್ರ ಇರುವಾಗ ಸುತ್ತಿಗೆ, ಟಾರ್ಚು ಹಿಡಿದು ಮಾಡುವ ಪರೀಕ್ಷೆ ಇನ್ನೂ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

19ನೇ ಶತಮಾನದಲ್ಲಿ ಬದುಕಿರುವವರ ಮಿದುಳಿನೊಳಗೆ ಇಣುಕಲು ದಾರಿಯೇ ಇರಲಿಲ್ಲ. ಬರ್ಲಿನ್ನಿನ ವೈದ್ಯ ರೋಮ್‌ಬರ್ಗ್ ರೋಗಿಯನ್ನು ಕಣ್ಣು ಮುಚ್ಚಿಸಿ ನಿಲ್ಲಿಸಿ ತೂಗಾಡುತ್ತಾರಾ ಎಂದು ನೋಡಿದರು. 1875ರಲ್ಲಿ ಜರ್ಮನಿಯ ವೈದ್ಯರಾದ ಎರ್ಬ್ ಮತ್ತು ವೆಸ್ಟ್‌ಫಾಲ್ ಇಬ್ಬರೂ ಬೇರೆ ಬೇರೆಯಾಗಿಯೇ ಮಂಡಿ ತಟ್ಟಿದರೆ ಕಾಲು ಚಿಮ್ಮುವುದನ್ನು ಬರೆದರು.

ಆಮೇಲೆ ಬಂದವರು ಪ್ಯಾರಿಸ್ಸಿನ ನರರೋಗ ವೈದ್ಯ ಬಾಬಿನ್ಸ್‌ಕಿ. ಕಾಲಿನ ಸ್ವಾಧೀನ ತಪ್ಪಿರುವುದು ನರದ ಕಾಯಿಲೆಯಿಂದಲೋ, ಮನಸ್ಸಿನ ತೊಂದರೆಯಾದ ಹಿಸ್ಟೀರಿಯಾದಿಂದಲೋ ಎಂಬುದು ಆಗ ಅಲ್ಲಿ ದೊಡ್ಡ ಪ್ರಶ್ನೆ. ಬೇಕೆಂದರೂ ರೋಗಿ ತಾನಾಗಿ ಮಾಡಿ ತೋರಿಸಲಾಗದ ಒಂದು ಗುರುತು ಬೇಕಿತ್ತು. 1896ರ ಫೆಬ್ರವರಿಯಲ್ಲಿ ಅವರು ಮಂಡಿಸಿದ್ದು ಬರೀ ಕೆಲವು ಸಾಲಿನ ಟಿಪ್ಪಣಿ. ಅಂಗಾಲು ಚುಚ್ಚಿದರೆ ಬೆರಳುಗಳು ಕೆಳಕ್ಕೆ ಮಡಚಬೇಕು, ಆದರೆ ಕಾಯಿಲೆಯ ಕಡೆ ಮೇಲಕ್ಕೆ ಏಳುತ್ತವೆ ಎಂಬುದು ಅದರ ಸಾರ.

ಈಗ ಚುಚ್ಚುವುದಿಲ್ಲ. ರೋಗಿ ಕಾಲು ಸಡಿಲ ಬಿಟ್ಟು ಮಲಗಿರಬೇಕು. ಮೊಂಡು ಕಡ್ಡಿಯನ್ನೋ ಕೀಲಿಯನ್ನೋ ಹಿಮ್ಮಡಿಯಿಂದ ಪಾದದ ಹೊರ ಅಂಚಿನಲ್ಲೇ ನಿಧಾನಕ್ಕೆ ಎಳೆದು, ಕಿರುಬೆರಳಿನ ಬುಡದಲ್ಲಿ ಒಳಕ್ಕೆ ತಿರುಗಿಸುತ್ತಾರೆ. ಕಣ್ಣು ಹೆಬ್ಬೆರಳಿನ ಮೇಲೇ ಇರಬೇಕು. ಅದರ ಮೊದಲ ಅಲುಗಾಟಕ್ಕೇ ಬೆಲೆ. ಇಡೀ ಕಾಲನ್ನೇ ಎಳೆದುಕೊಂಡರೆ ಅದು ಕಚಗುಳಿ ಇರಬಹುದು. ವರ್ಷ ತುಂಬದ ಮಗುವಿನಲ್ಲಿ ಬೆರಳು ಮೇಲೆದ್ದರೆ ಗಾಬರಿ ಬೇಡ, ಅದು ಸಹಜ.

ದೊಡ್ಡವರಲ್ಲಿ ಎದ್ದರೆ, ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ದಾರಿಯಲ್ಲಿ ಎಲ್ಲೋ ಪೆಟ್ಟಾಗಿದೆ ಎಂದರ್ಥ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಅದಕ್ಕಿಂತ ಕೆಳಗಿನ ಡಿಸ್ಕ್‌ಗೆ ಹೆಬ್ಬೆರಳನ್ನು ಮೇಲೆಬ್ಬಿಸಲು ಸಾಧ್ಯವೇ ಇಲ್ಲ. ಅಲ್ಲಿ ನರ ಒತ್ತಿದ್ದರೆ ಸ್ನಾಯು ಸೊರಗುತ್ತದೆ, ಜೋತುಬೀಳುತ್ತದೆ, ತಟ್ಟಿದರೂ ಚಿಮ್ಮುವುದಿಲ್ಲ. ಸೊಂಟದ ಫಿಲ್ಮ್ ತೆಗೆಸಬೇಕೋ ಕತ್ತಿನದೋ ಎಂಬುದು ಮಂಚದ ಪಕ್ಕದಲ್ಲೇ ಗೊತ್ತಾಗಬೇಕಾದ ವಿಷಯ, ಅಲ್ವಾ?

ಹಾಗಂತ ಒಂದೇ ಗುರುತನ್ನು ನೆಚ್ಚಿಕೊಳ್ಳಬಾರದು. ಒಂದೇ ಹೆಬ್ಬೆರಳನ್ನು ನೋಡಿ ಇಬ್ಬರು ವೈದ್ಯರು ಬೇರೆ ಬೇರೆ ಹೇಳುವುದುಂಟು. ಪಾದವನ್ನು ಬೇಗ ಬೇಗ ನೆಲಕ್ಕೆ ತಟ್ಟಿಸಿ ನೋಡುವುದೇ ಹೆಚ್ಚು ನಂಬಿಕೆಗೆ ಅರ್ಹ ಎಂದು 2005ರ ಒಂದು ಅಧ್ಯಯನ ಹೇಳಿತು. ಬಾಗಿಲಿಂದ ಕುರ್ಚಿಯವರೆಗಿನ ನಡಿಗೆ, ಬಿಗಿತ, ಚಿಮ್ಮುವಿಕೆ, ಸ್ಪರ್ಶ ಎಲ್ಲವನ್ನೂ ಸೇರಿಸಿ ಓದಬೇಕು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿ ಮೊದಲ ಬಾರಿ ರೋಗಿಯೊಬ್ಬರ ಮಿದುಳಿನ ಸಿಟಿ ಸ್ಕ್ಯಾನ್ ಆಯಿತು. ಅದು ಉಳಿಸಿದ ಜೀವಗಳು ಸಣ್ಣ ಸಂಖ್ಯೆಯಲ್ಲ. ಸ್ಟ್ರೋಕ್ ಆದಾಗ ರಕ್ತ ಸೋರಿದೆಯೋ ಹೆಪ್ಪುಗಟ್ಟಿದೆಯೋ ಎಂದು ತಿಳಿಯಲು ಸ್ಕ್ಯಾನ್ ಬೇಕೇ ಬೇಕು. ಆದರೆ ಹೊರರೋಗಿ ವಿಭಾಗದ ಸಾಲು ಬೆಳೆಯುತ್ತಾ ಹೋಯಿತು. ಪೂರ್ತಿ ಪರೀಕ್ಷೆಗೆ ಅರ್ಧ ಗಂಟೆಯಾದರೂ ಬೇಕು, ಸಿಗುವುದು ಕೆಲವೇ ನಿಮಿಷ. ಮನೆಯವರೂ ಸ್ಕ್ಯಾನ್ ಬರೆದುಕೊಟ್ಟರೇನೇ ಸಮಾಧಾನಪಡುತ್ತಾರೆ. ಸುತ್ತಿಗೆ ಹಿಡಿಯುವುದು ಹೀಗೆ ನಿಧಾನಕ್ಕೆ ಕಡಿಮೆಯಾಯಿತು.

2009ರಲ್ಲಿ ಇನ್ನೊಂದು ತಿರುವು. ಬಿಟ್ಟೂಬಿಡದೆ ತಲೆಸುತ್ತುತ್ತಿದ್ದ, ಸ್ಟ್ರೋಕ್ ಅಪಾಯ ಜಾಸ್ತಿ ಇದ್ದ 101 ಜನರನ್ನು ಅಮೆರಿಕದ ವೈದ್ಯರು ಪರೀಕ್ಷಿಸಿದ ವರದಿ ಬಂತು. ಮೊದಲ ಎಂಆರ್‌ಐ ಶೇ 12ರಷ್ಟು ಸ್ಟ್ರೋಕ್‌ಗಳನ್ನು ತಪ್ಪಿಸಿಕೊಂಡಿತ್ತು. ಮಂಚದ ಪಕ್ಕದಲ್ಲೇ ಮಾಡುವ ಕಣ್ಣಿನ ಮೂರು ಪರೀಕ್ಷೆಗಳು ಒಂದನ್ನೂ ಬಿಟ್ಟಿರಲಿಲ್ಲ. ಪಳಗಿದ ಕೈ ಬೇಕು, ತಲೆಸುತ್ತು ನಿಲ್ಲದೆ ಇರುವಾಗಲೇ ನೋಡಬೇಕು.

ಅದರಲ್ಲಿ ಒಂದು ಹೀಗೆ: ನನ್ನ ಮೂಗನ್ನೇ ನೋಡ್ತಾ ಇರಿ ಎಂದು ಹೇಳಿ, ವೈದ್ಯರು ರೋಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟನೆ ಸ್ವಲ್ಪವೇ ತಿರುಗಿಸುತ್ತಾರೆ. ಕಣ್ಣು ಜಾರಿ, ಮತ್ತೆ ಹಾರಿ ಮೂಗಿಗೆ ಬಂದರೆ ತೊಂದರೆ ಹೆಚ್ಚಾಗಿ ಒಳಕಿವಿಯ ನರದ್ದು. ಅಷ್ಟು ಸುತ್ತುತ್ತಿದ್ದರೂ ಕಣ್ಣು ಕದಲದೆ ಮೂಗಿನ ಮೇಲೇ ನಿಂತರೆ, ತೊಂದರೆ ಆ ನರದ್ದಲ್ಲ, ಮಿದುಳಿನದಿರಬಹುದು; ಸ್ಟ್ರೋಕ್ ಎಂದುಕೊಂಡೇ ಮುಂದುವರಿಯಬೇಕು.