ಊರನ್ನು ಆಳುವವರು ಯಾರು? ಅಟ್ಲಾಂಟಾದಿಂದ ಗ್ಯಾರಿವರೆಗೆ

ಅಧಿಕಾರ ಕೆಲವೇ ಪ್ರಬಲರ ಕೈಯಲ್ಲಿದೆ ಎನ್ನುವುದು ಗಣ್ಯವರ್ಗ ಸಿದ್ಧಾಂತ; ಹಲವು ಗುಂಪುಗಳಲ್ಲಿ ಹಂಚಿಹೋಗಿದೆ ಎನ್ನುವುದು ಬಹುತ್ವವಾದ. ಎರಡನ್ನೂ ವ್ಯಾಖ್ಯೆಯಾಗಿ ಬಾಯಿಪಾಠ ಮಾಡಬೇಡಿ. ಅಮೆರಿಕದಲ್ಲಿ ಈ ವಾದ ಬೆಳೆದದ್ದು ಒಂದೊಂದು ಊರನ್ನು ಹೊಕ್ಕು ನೋಡಿದವರಿಂದ. ಊರು ನೆನಪಿದ್ದರೆ ಸಿದ್ಧಾಂತ ತಾನೇ ನೆನಪಾಗುತ್ತದೆ.

ಮೊದಲನೆಯದು ಅಟ್ಲಾಂಟಾ. ‘ಇಲ್ಲಿ ಯಾರ ಮಾತು ನಡೆಯುತ್ತದೆ?’ ಎಂದು ಸಮಾಜಶಾಸ್ತ್ರಜ್ಞ ಫ್ಲಾಯ್ಡ್ ಹಂಟರ್ ಊರು ಬಲ್ಲವರನ್ನೇ ಕೇಳಿದರು. ಬಂದ ಹೆಸರುಗಳನ್ನು ಸೋಸಿದಾಗ 40 ಮಂದಿ ಉಳಿದರು, ಹೆಚ್ಚಿನವರು ಉದ್ಯಮಿಗಳು. ಇದು 1953ರ ಮಾತು. 1956ರಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ಇಡೀ ದೇಶದ ಬಗ್ಗೆ ಇಂಥದೇ ವಾದ ಹೂಡಿದರು: ದೊಡ್ಡ ಕಂಪನಿ, ಸೇನೆ, ಸರ್ಕಾರ, ಈ ಮೂರರ ನೆತ್ತಿಯಲ್ಲಿರುವವರದೇ ಕಾರುಬಾರು.

ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಡಾಲ್ ಒಪ್ಪಲಿಲ್ಲ. ಹೆಸರಿದ್ದ ಮಾತ್ರಕ್ಕೆ ಅಧಿಕಾರವೂ ಇದೆ ಎನ್ನಲಾದೀತೆ? ತೀರ್ಮಾನ ಯಾರದು ಎಂಬುದನ್ನು ನೋಡಬೇಕು ಎಂದರು. ಯೇಲ್ ಇರುವ ಊರು ನ್ಯೂ ಹೇವನ್‌ನಲ್ಲಿ ನಗರದ ಮರುನಿರ್ಮಾಣ, ಶಾಲಾ ಶಿಕ್ಷಣ, ಪಕ್ಷಗಳ ಅಭ್ಯರ್ಥಿ ಆಯ್ಕೆ ಮೂರನ್ನೂ ಬಿಡಿಸಿ ನೋಡಿದರೆ ಒಂದೊಂದರಲ್ಲೂ ಬೇರೆ ಬೇರೆ ಜನ. ಎಲ್ಲೆಡೆ ಕಾಣಿಸಿದವರು ಮೇಯರ್ ರಿಚರ್ಡ್ ಲೀ ಅವರಂಥ ಬೆರಳೆಣಿಕೆಯವರು. 1961ರ ಈ ಅಧ್ಯಯನವೇ ಬಹುತ್ವವಾದದ ಬೆನ್ನೆಲುಬು.

ಮರುವರ್ಷವೇ ಪೀಟರ್ ಬ್ಯಾಕ್ರಾಕ್ ಮತ್ತು ಮಾರ್ಟನ್ ಬರಾಟ್ಜ್ ಎಂಬ ವಿದ್ವಾಂಸರು ಬಹುತ್ವವಾದಿಗಳನ್ನು ಕೇಳಿದರು: ಚರ್ಚೆಗೆ ಬಂದದ್ದನ್ನು ನೋಡಿದಿರಿ, ಬಾರದಂತೆ ತಡೆದದ್ದನ್ನು?

ಇದಕ್ಕೆ ಗ್ಯಾರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಂಡಿಯಾನಾದಲ್ಲಿ ಮಿಷಿಗನ್ ಸರೋವರದ ದಂಡೆಯ ಈ ಊರನ್ನು 1906ರಲ್ಲಿ ಕಟ್ಟಿದ್ದೇ ಯು.ಎಸ್. ಸ್ಟೀಲ್ ಕಂಪನಿ. ಊರಿನ ಹೆಸರೂ ಕಂಪನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿ ಅವರದೇ. ಪಕ್ಕದ ಈಸ್ಟ್ ಚಿಕಾಗೊ ಕೂಡ ಉಕ್ಕಿನ ಊರು, ಅಲ್ಲಿಯೂ ಅದೇ ಹೊಗೆ. ಆದರೆ ಈಸ್ಟ್ ಚಿಕಾಗೊ 1949ರಲ್ಲಿ ಹೊಗೆಗೆ ಕಡಿವಾಣ ಹಾಕಿತು. ಗ್ಯಾರಿಗೆ 1962 ಬೇಕಾಯಿತು. ಈ 13 ವರ್ಷಗಳ ಅಂತರ ರಾಜ್ಯಶಾಸ್ತ್ರಜ್ಞ ಮ್ಯಾಥ್ಯೂ ಕ್ರೆನ್ಸನ್ ಅವರನ್ನು ಕಾಡಿತು. ಅವರು 1971ರಲ್ಲಿ ಕೊಟ್ಟ ವಿವರಣೆ: ಈಸ್ಟ್ ಚಿಕಾಗೊದಲ್ಲಿ ಹಲವು ಕಂಪನಿಗಳಿದ್ದವು, ಗ್ಯಾರಿಯಲ್ಲಿ ಒಂದೇ ಕಂಪನಿಯ ನೆರಳು. ಆ ಕಂಪನಿ ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಅದು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ; ಅದರ ಮನಸ್ಸನ್ನು ಊರೇ ಊಹಿಸಿಕೊಂಡು ಸುಮ್ಮನಿತ್ತು. ಡಾಲ್ ಅವರ ವಿಧಾನ ಹಿಡಿದು ಹೋದರೆ ಇಲ್ಲಿ ಏನೂ ಕಾಣದು, ನೋಡಲು ಒಂದು ತೀರ್ಮಾನವಾದರೂ ಇರಬೇಕಲ್ಲ.

ನಡೆಯದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ ಎಂದು ಬಹುತ್ವವಾದಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಪರೀಕ್ಷೆಯಲ್ಲಿ ಇದನ್ನು ಬಿಡದೆ ಬರೆಯಿರಿ. ಕ್ರೆನ್ಸನ್ ತಂದ ಸಾಕ್ಷಿ ಪಕ್ಕದ ಊರು.